ಹಗರಿಯಿಂದ ಕೃಷ್ಣೆಯ ದಡಕ್ಕೆ: ನಮ್ಮ ಹೆದ್ದಾರಿಯ ಕಥೆ



ಇಂದಿನ ನನ್ನ ಮಾತು ಒಂದು ರಸ್ತೆಯನ್ನು ಕುರಿತದ್ದು. ಹಗರಿಯಿಂದ ಹೊರಟು ಹಾಲಹರವಿ, ಆಲೂರು, ಆದವಾನಿಗಳ ಮೇಲೆ ಹಾದು, ತುಂಗಭದ್ರೆಯನ್ನು ದಾಟಿ ರಾಯಚೂರಿಗೆ ಹೋಗುವ ರಸ್ತೆ. ಅದರ ಮೇಲೆ ನಾವು ನೀವು ಎಷ್ಟು ಸಲ ಓಡಾಡಿಲ್ಲ! ಮದುವೆಗೆ ಹೋಗಿದ್ದೇವೆ, ಮಣ್ಣಿಗೆ ಹೋಗಿದ್ದೇವೆ, ದವಾಖಾನೆಗೆ ಹೋಗಿದ್ದೇವೆ, ಹತ್ತಿ ಹೇರಿಕೊಂಡು ಹೋಗಿದ್ದೇವೆ. ಬಸ್ಸು ತಡವಾದರೆ ಬೈದಿದ್ದೇವೆ, ಗುಂಡಿ ಬಿದ್ದರೆ ಇನ್ನೂ ಹೆಚ್ಚು ಬೈದಿದ್ದೇವೆ. ಆದರೆ ಆ ರಸ್ತೆಗೂ ಒಂದು ಹುಟ್ಟು ಬೆಳವಣಿಗೆ ಇದೆ, ಅದಕ್ಕೂ ನಮ್ಮ ಬಾಳಿಗೂ ಸಂಬಂಧ ಇದೆ ಎಂದು ಕೂತು ಯೋಚಿಸಿದವರು ಕಡಿಮೆ.

ಈಗ ಅದಕ್ಕೆ ರಾಷ್ಟ್ರೀಯ ಹೆದ್ದಾರಿ 167 ಎಂಬ ಹೆಸರು. ಈ ಅಂಕೆ ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. 2010ರಲ್ಲಿ ಕೇಂದ್ರ ಸರಕಾರ ದೇಶದ ಹೆದ್ದಾರಿಗಳಿಗೆಲ್ಲ ಹೊಸದಾಗಿ ಅಂಕೆ ಕೊಟ್ಟಿತು. ಪೂರ್ವ-ಪಶ್ಚಿಮವಾಗಿ ಹೋಗುವ ಮುಖ್ಯ ಹೆದ್ದಾರಿಗೆ ಬೆಸಸಂಖ್ಯೆ, ಉತ್ತರ-ದಕ್ಷಿಣವಾಗಿ ಹೋಗುವುದಕ್ಕೆ ಸಮಸಂಖ್ಯೆ. ಮುಖ್ಯ ಹೆದ್ದಾರಿ ಕವಲೊಡೆದರೆ ಕವಲಿಗೆ ಅದೇ ಸಂಖ್ಯೆಯ ಮುಂದೆ ಒಂದು, ಎರಡು, ಮೂರು ಎಂದು ಸೇರಿಸುತ್ತಾರೆ. ಅಂಕೋಲದಿಂದ ಗುತ್ತಿಗೆ ಬರುತ್ತಿದ್ದ ಹಳೆಯ 63ನೆಯ ಹೆದ್ದಾರಿಯಲ್ಲಿ ಹುಬ್ಬಳ್ಳಿಯಿಂದ ಈಚಿನ ಭಾಗ 67ನೆಯದಕ್ಕೆ ಸೇರಿತು. ಹೊಸಪೇಟೆ, ಬಳ್ಳಾರಿ, ಗುಂತಕಲ್ಲು, ಗುತ್ತಿಗಳ ಮೇಲೆ ಹಾದು ಅದು ನೆಲ್ಲೂರಿನ ಕಡೆಯ ಕೃಷ್ಣಪಟ್ಟಣಂ ಬಂದರಿನವರೆಗೂ ಹೋಗುತ್ತದೆ. ಹಗರಿಯ ಹತ್ತಿರ ಅದರಿಂದ ಒಡೆದ ಕವಲೇ ನಮ್ಮದು. ಆದ್ದರಿಂದ 167. ಮನೆತನದ ಹೆಸರು ಮುಂದುವರಿದ ಹಾಗೆ.

ನಕಾಶೆಯಲ್ಲಿ ನೋಡಿದರೆ ಇದು ಸಣ್ಣ ರಸ್ತೆಯಲ್ಲ. ರಾಯಚೂರು ದಾಟಿ, ಶಕ್ತಿನಗರದ ಹತ್ತಿರ ಕೃಷ್ಣೆಯನ್ನು ದಾಟಿ, ಮಕ್ತಲ್, ಮೆಹಬೂಬನಗರಗಳ ಮೇಲೆ ಜಡ್ಚರ್ಲಕ್ಕೆ ಹೋಗಿ ಅಲ್ಲಿ ಶ್ರೀನಗರ-ಕನ್ಯಾಕುಮಾರಿ ಹೆದ್ದಾರಿಯನ್ನು ಮುಟ್ಟುತ್ತದೆ. ಅಲ್ಲಿಂದಲೂ ಮುಂದುವರಿದು ಕಲ್ವಕುರ್ತಿ, ಮಿರ್ಯಾಲಗುಡಗಳ ಮೇಲೆ ಕೋದಾಡದಲ್ಲಿ ಮುಗಿಯುತ್ತದೆ. ಆ ಪೂರ್ವದ ಭಾಗದ ಮಾತನ್ನು ಅಲ್ಲಿಯವರೇ ಆಡಲಿ. ನಮಗೆ ಬೇಕಾದದ್ದು ಹಗರಿಯಿಂದ ಕೃಷ್ಣೆಯವರೆಗಿನ ತುಂಡು. ಕರ್ನಾಟಕದಲ್ಲಿ ಹುಟ್ಟಿ, ಆಂಧ್ರಕ್ಕೆ ಬಂದು, ತವರಿಗೆ ಮರಳಿದ ಹಾಗೆ ಮತ್ತೆ ಕರ್ನಾಟಕಕ್ಕೆ ಹೋಗಿ, ಅಲ್ಲಿಂದ ತೆಲಂಗಾಣಕ್ಕೆ ದಾಟುತ್ತದೆ. ಅರ್ಧ ದಿನದ ಪ್ರಯಾಣದಲ್ಲಿ ಮೂರು ಗಡಿ.

ದಾರಿ ಹಳೆಯದು, ಆದರೆ ಹಳೆಯ ಕಾಲದ ದಾರಿ ಎಂದರೆ ಕಲ್ಲು ಹಾಸಿದ ರಾಜಬೀದಿ ಎಂದು ತಿಳಿಯಬೇಕಾಗಿಲ್ಲ. ಬೇಸಿಗೆಯಲ್ಲಿ ಇರುತ್ತಿತ್ತು, ಮಳೆಗಾಲದಲ್ಲಿ ಮಾಯವಾಗುತ್ತಿತ್ತು. ವಿಜಯನಗರದವರಿಗೆ ಆದವಾನಿ ಕೋಟೆ ಮುಖ್ಯವಾದದ್ದು, ರಾಯಚೂರಂತೂ ಸದಾ ಜಗಳದ ನೆಲ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದವರಿಂದ ರಾಯಚೂರನ್ನು ಗೆದ್ದ. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಕೆಲವು ವರ್ಷಗಳಲ್ಲಿ ಆದವಾನಿ ಬಿಜಾಪುರದವರ ಕೈ ಸೇರಿತು. ಅವರ ಕಡೆಯಿಂದ ಇಲ್ಲಿ ಆಳಿದ ಸಿದ್ದಿ ಮಸೂದ್ ಖಾನನ ಹೆಸರು ಊರಿನ ಜಾಮಿಯಾ ಮಸೀದಿಯಲ್ಲೂ ಉಳಿದಿದೆ, ಮಂತ್ರಾಲಯದ ಕಥೆಯಲ್ಲೂ ಉಳಿದಿದೆ. ಮಂಚಾಲೆ ಗ್ರಾಮವನ್ನು ರಾಘವೇಂದ್ರಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಅವನೇ ಎಂದು ಪ್ರತೀತಿ. ಸ್ವಾಮಿಗಳು ವೃಂದಾವನಸ್ಥರಾದದ್ದು 1671ರಲ್ಲಿ. ಮುಂದೆ ಮೊಗಲರು, ಆಮೇಲೆ ನಿಜಾಮನ ತಮ್ಮ ಬಸಾಲತ್ ಜಂಗ್, 1786ರಲ್ಲಿ ಟಿಪ್ಪು ಸುಲ್ತಾನ್. ಟಿಪ್ಪು ಕೋಟೆಯನ್ನು ಹಿಡಿದು ಕೆಡವಿಹಾಕಿದ. 1800ರಲ್ಲಿ ನಿಜಾಮ ಈ ಸೀಮೆಯನ್ನೆಲ್ಲ ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ. ನಮ್ಮ ಹಿರಿಯರು ದತ್ತಮಂಡಲ ಎನ್ನುತ್ತಿದ್ದದ್ದು ಇದನ್ನೇ. ಮೊದಲ ದೊಡ್ಡ ಕಲೆಕ್ಟರು ಥಾಮಸ್ ಮನ್ರೋ, 1800ರಿಂದ 1807ರವರೆಗೆ.

ಇಲ್ಲಿ ನೆಲದ ವಿಷಯ ಸ್ವಲ್ಪ ಹೇಳಬೇಕು. ಹಗರಿಯಿಂದ ಆದವಾನಿಯವರೆಗೆ ಬಹುಪಾಲು ಎರೆಭೂಮಿ. ತೆಲುಗಿನಲ್ಲಿ ರೇಗಡಿ. ಹತ್ತಿಗೆ, ಜೋಳಕ್ಕೆ ತಾಯಿಯಂಥ ಮಣ್ಣು, ರಸ್ತೆಗೆ ಮಾತ್ರ ಶತ್ರು. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಎಷ್ಟೇ ಡಾಂಬರು ಬಳಿದರೂ ಅಡಿಯ ಮಣ್ಣು ಉಸಿರಾಡುತ್ತಲೇ ಇರುತ್ತದೆ. ಅಲ್ಲೇ ರಸ್ತೆ ಅಲೆಯ ಹಾಗೆ ಏಳುವುದು, ಅಂಚು ಸೀಳುವುದು. ಅದಕ್ಕೇ ಎರೆಯ ಮೇಲೆ ರಸ್ತೆ ಮಾಡುವಾಗ ಮೊದಲು ಗರಸು ಹಾಕಿ ದಪ್ಪವಾಗಿ ಕೂಡಿಸಬೇಕು, ನೆಲಕ್ಕಿಂತ ಎತ್ತರಿಸಬೇಕು, ಎರಡೂ ಬದಿಗೆ ನೀರು ಸರಾಗವಾಗಿ ಹೋಗುವಂತೆ ಚರಂಡಿ ಬಿಡಬೇಕು. ಯಾವ ಗುತ್ತಿಗೆದಾರ ಗರಸಿನಲ್ಲಿ ಕೈ ಬಿಗಿ ಮಾಡಿದ ಎಂಬುದನ್ನು ಎರಡನೆಯ ಮಳೆಗಾಲ ಎಲ್ಲರಿಗೂ ಹೇಳುತ್ತದೆ.

ಹಿಂದೆ ಈ ಕೆಲಸ ನಡೆದದ್ದು ಬರಗಾಲದಲ್ಲಿ. 1876ರಿಂದ 78ರವರೆಗಿನ ಧಾತು ವರ್ಷದ ಬರದ ಹೆಸರನ್ನು ನಿಮ್ಮ ಅಜ್ಜ ಮುತ್ತಜ್ಜಂದಿರಿಂದ ಕೇಳಿರಬಹುದು. ಅಂದಿನ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಸರಕಾರ ಕಾಮಗಾರಿ ತೆರೆಯಿತು. ಹಸಿದವರು ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು, ರಸ್ತೆ ಎತ್ತರಿಸಬೇಕು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು ಖರ್ಚು ಹೆಚ್ಚಾಯಿತೆಂದು ಕೂಲಿಯನ್ನು ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ. ಒಂದು ಪೌಂಡೆಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅದನ್ನು ತಿಂದು ಬಿಸಿಲಲ್ಲಿ ಮಣ್ಣು ಹೊರಬೇಕಾಗಿತ್ತು. ನಮ್ಮ ಸೀಮೆಯ ರಸ್ತೆ ಕೆರೆಗಳ ಅಡಿಯಲ್ಲಿ ಅಂಥ ಕೂಲಿಯ ಮಣ್ಣು ಸಾಕಷ್ಟಿದೆ.

ಅದಕ್ಕೂ ಮೊದಲೇ ರೈಲು ಬಂದಿತ್ತು. ಮದರಾಸಿನಿಂದ ಬಂದ ಹಳಿ, ಮುಂಬಯಿಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಗುಂತಕಲ್ಲು, ಆದವಾನಿ, ಕೋಸಿಗಿ, ತುಂಗಭದ್ರಾ, ರಾಯಚೂರು ಒಂದೇ ಸಾಲಿಗೆ ಬಂದವು. ದೂರದ ಸರಕು ರೈಲಿಗೆ ಹೋಯಿತು. ರಸ್ತೆ ಸ್ಟೇಷನ್ನಿಗೆ ಬಂಡಿ ಹೊಡೆಯುವ ದಾರಿಯಾಗಿ ಉಳಿಯಿತು. ಆದರೆ ಆದವಾನಿಯವರು ರೈಲಿನಲ್ಲಿ ಬಳ್ಳಾರಿಗೆ ಹೋಗಬೇಕಾದರೆ ಗುಂತಕಲ್ಲು ಸುತ್ತಬೇಕು. ಆಲೂರಿನ ಮೇಲಿನ ರಸ್ತೆ ನೆಟ್ಟಗೆ ಹೋಗುತ್ತದೆ. ಅದಕ್ಕೇ ರೈಲಿನ ಕಾಲದಲ್ಲೂ ಈ ರಸ್ತೆ ಸಾಯಲಿಲ್ಲ. ಕೋರ್ಟು, ಕಚೇರಿ, ಕಲೆಕ್ಟರು ಎಲ್ಲ ಬಳ್ಳಾರಿಯಲ್ಲಿ. ಜಿಲ್ಲೆಯ ಊರಿಗೆ ಹೋಗುವುದೆಂದರೆ ಪಶ್ಚಿಮಕ್ಕೆ ಮುಖ ಮಾಡುವುದು. ಕರ್ನೂಲಿಗೆ ನಮಗೆ ಕೆಲಸವೇ ಇರಲಿಲ್ಲ. 1839ರವರೆಗೆ ಅಲ್ಲಿ ನವಾಬನಿದ್ದ, ಆಮೇಲೆ ಅದು ಬೇರೆ ಜಿಲ್ಲೆ.

ಉತ್ತರದ ತುದಿಯ ಸಂಗತಿ ಇನ್ನೂ ಸ್ವಾರಸ್ಯ. ತುಂಗಭದ್ರೆಯ ಈಚೆ ಮದರಾಸು ಪ್ರಾಂತ, ಆಚೆ ನಿಜಾಮನ ರಾಜ್ಯ. ಹೊಳೆಗೆ ಹರಿಗೋಲು, ಆಚೆ ದಡದಲ್ಲಿ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ರೂಪಾಯಿಯೂ ಬೇರೆ. ನಮ್ಮದು ಕಲ್ದಾರ್, ಅವರದು ಹಾಲಿ ಸಿಕ್ಕಾ. ಲೆಕ್ಕಕ್ಕೆ ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಕಲ್ದಾರ್. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವನಿಗೆ ಈ ಲೆಕ್ಕ ಕೇಳಿದರೆ ಬೆರಳು ತಾನೇ ಆಡುತ್ತದೆ. ಹೆಣ್ಣು ಕೊಟ್ಟದ್ದು ಆಚೆ ದಡಕ್ಕೆ, ಹೊಲ ಇರುವುದು ಈಚೆ ದಡಕ್ಕೆ ಎಂಬ ಮನೆಗಳಲ್ಲಿ ಎರಡೂ ನಾಣ್ಯ ಇಟ್ಟುಕೊಳ್ಳಬೇಕಾಗುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ಹಾಲಿ ಸಿಕ್ಕಾ ಮಾತ್ರ ಇನ್ನೂ ಕೆಲವು ವರ್ಷ ಓಡಿತು.

ಹೀಗೆ ಉತ್ತರದ ಗಡಿ ಅಳಿಸಿತು ಎನ್ನುವಷ್ಟರಲ್ಲಿ ಪಶ್ಚಿಮದಲ್ಲಿ ಹೊಸದೊಂದು ಹುಟ್ಟಿತು. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ಆಂಧ್ರ ರಾಜ್ಯ ಕೊಡುವುದೆಂದು ತೀರ್ಮಾನವಾಯಿತು. ಬಳ್ಳಾರಿ ಜಿಲ್ಲೆಯನ್ನು ಹಂಚಬೇಕಾಯಿತು. ಬಳ್ಳಾರಿ ತಾಲೂಕಿನ ಬಗ್ಗೆ ಜಗಳ ಬಂದದ್ದರಿಂದ ಅದನ್ನು ನ್ಯಾಯಮೂರ್ತಿ ಮಿಶ್ರಾ ಅವರಿಗೆ ಒಪ್ಪಿಸಿದರು. ಅದು ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆಂಧ್ರಕ್ಕೆ ಹೋದವು. 1953ರ ಅಕ್ಟೋಬರ್ 1ರಂದು ಜಾರಿಗೆ ಬಂತು. ರಾಯದುರ್ಗ ಅನಂತಪುರ ಜಿಲ್ಲೆಗೆ, ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೆ. ಆ ಕರ್ನೂಲೇ ಆಗ ರಾಜಧಾನಿ ಕೂಡ. ಹಾಲಹರವಿಯ ರೈತ ಹಿಂದಿನ ದಿನ ಸಂಜೆ ಯಾವ ಗಡಿಯನ್ನೂ ದಾಟದೆ ಬಳ್ಳಾರಿಯಿಂದ ಮನೆಗೆ ಬಂದಿದ್ದ. ಮರುದಿನ ಅದೇ ದಾರಿ ಅಂತರರಾಜ್ಯ ದಾರಿ. ಪಶ್ಚಿಮಕ್ಕಿದ್ದ ಜನರ ಮುಖವನ್ನು ಹಿಡಿದು ಪೂರ್ವಕ್ಕೆ ತಿರುಗಿಸಿದ ಹಾಗಾಯಿತು. ಪಹಣಿ ಬೇಕಾದರೆ, ದೊಡ್ಡ ಕೋರ್ಟಿನ ಕೆಲಸವಿದ್ದರೆ ಎಮ್ಮಿಗನೂರು, ಕೋಡುಮೂರುಗಳ ಮೇಲೆ ಕರ್ನೂಲಿಗೆ ಹೋಗಬೇಕು. ಬೀಗರು, ಸಂತೆ, ನಾಟಕ, ಪುಸ್ತಕ ಎಲ್ಲ ಹಿಂದಿನ ಕಡೆಯೇ ಉಳಿದವು. ಸರಿಯೋ ತಪ್ಪೋ ಎಂದು ಈಗ ವಾದ ಮಾಡುವುದು ನನಗೆ ಬೇಡ. ಎಪ್ಪತ್ತು ವರ್ಷ ದಾಟಿತು, ಎರಡೂ ಭಾಷೆ ನಮ್ಮವೇ ಆದವು.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿ, ತುಂಗಭದ್ರೆ ಮತ್ತೆ ಗಡಿಯಾಯಿತು. ಅದೇ ದಿನ ಕೃಷ್ಣೆಯೂ ಗಡಿಯಾಯಿತು. ದೇವಸೂಗೂರಿನ ಹತ್ತಿರ ಕೃಷ್ಣೆಗೆ ನಿಜಾಮ ಸರಕಾರ ಕಟ್ಟಿಸಿ 1943ರಲ್ಲಿ ಮುಗಿಸಿದ ಹಳೆಯ ಕಮಾನು ಸೇತುವೆಯನ್ನು ನೋಡಿದ್ದೀರಷ್ಟೆ. ಕಟ್ಟುವಾಗ ಎರಡೂ ದಡ ಒಬ್ಬ ದೊರೆಯದೇ. ಹದಿಮೂರು ವರ್ಷದಲ್ಲಿ ಒಂದು ದಡ ಮೈಸೂರಿನದು, ಇನ್ನೊಂದು ಆಂಧ್ರ ಪ್ರದೇಶದ್ದು ಆಯಿತು. 2014ರಿಂದ ಆಚೆ ದಡ ತೆಲಂಗಾಣದ್ದು. ಕಮಾನುಗಳು ಅಲ್ಲೇ ನಿಂತಿವೆ.

1953ರಲ್ಲೇ ಇನ್ನೊಂದು ದಾರಿ ತೆರೆಯಿತು, ಅದು ನೀರಿನ ದಾರಿ. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟದ್ದು ಆ ವರ್ಷವೇ. ನಾವು ಎಲ್ಲೆಲ್ಸಿ ಎನ್ನುವ ಕೆಳಮಟ್ಟದ ಕಾಲುವೆ ಹೊಸಪೇಟೆಯಿಂದ ಹೊರಟು ಬಳ್ಳಾರಿ, ಸಿರುಗುಪ್ಪಗಳ ಕಡೆ ಸುತ್ತಿ ಆದವಾನಿ, ಎಮ್ಮಿಗನೂರುಗಳ ಹೊಲಕ್ಕೆ ಬರುತ್ತದೆ. ಒಂದೇ ಜಿಲ್ಲೆಯೊಳಗಿನ ಕಾಲುವೆ ಆಗಬೇಕಾದದ್ದು, ಹುಟ್ಟುತ್ತಲೇ ಎರಡು ರಾಜ್ಯದ್ದಾಯಿತು. ಕೊನೆಯ ಹೊಲಕ್ಕೆ ನೀರು ಬಾರದಿದ್ದಾಗ ಜಗಳ ಯಾಕಾಗುತ್ತದೆಂದು ತಿಳಿಯಲು ಇಷ್ಟು ಗೊತ್ತಿದ್ದರೆ ಸಾಕು.

ಜನ ಮಾತ್ರ ಹಳೆಯ ನಕಾಶೆಯ ಪ್ರಕಾರವೇ ನಡೆದರು. ಆದವಾನಿಯ ಹತ್ತಿ ಮಾರುಕಟ್ಟೆ ಆಂಧ್ರದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿಗೆ ಬಳ್ಳಾರಿ, ರಾಯಚೂರು ಕಡೆಯ ಹತ್ತಿಯೂ ಬರುತ್ತದೆ. ಹತ್ತಿಯ ಕಾಲದಲ್ಲಿ ನಮ್ಮ ಕೌಂಟರಿನ ಮುಂದೆ ನಿಂತವರ ಸಹಿಗಳು ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ಇರುತ್ತಿದ್ದವು, ಹೆಬ್ಬೆಟ್ಟಿಗಂತೂ ಭಾಷೆಯಿಲ್ಲ. ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘದ ಬಟ್ಟೆಯೂ ಈ ರಸ್ತೆಗಳ ಮೇಲೆಯೇ ಊರೂರಿಗೆ ಹೋಯಿತು. ಅವರಿಗೆ 1954ರಲ್ಲಿ ಪದ್ಮಶ್ರೀ ಬಂತು.

ಆದವಾನಿಯಿಂದ ಉತ್ತರಕ್ಕೆ ಎರಡು ದಾರಿ ಇವೆ. ಒಂದು ಎಮ್ಮಿಗನೂರಿನ ಮೇಲೆ, ಇನ್ನೊಂದು ಪಾಂಡವಗಲ್ಲು, ಪೆದ್ದತುಂಬಳದ ಕಡೆಯಿಂದ ಮಾಧವರಕ್ಕೆ. ಪೆದ್ದತುಂಬಳದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಊರ ಹೆಸರುಗಳನ್ನು ಸ್ವಲ್ಪ ಗಮನಿಸಿ. ಪಾಂಡವಗಲ್ಲು, ಕುಪ್ಪಗಲ್ಲು, ಕೋಟೆಕಲ್ಲು, ಹತ್ತಿಬೆಳಗಲ್ಲು. ಕಲ್ಲು ಎಂದರೆ ನಮಗೆ ಬಂಡೆ. ಇಂದಿನ ತೆಲುಗಿನಲ್ಲಿ ಬಂಡೆಗೆ ರಾಯಿ ಎನ್ನುತ್ತಾರೆ, ಕಲ್ಲು ಎಂದರೆ ಸೇಂದಿ. ಗುಂಟೂರಿನ ಕಡೆಯಿಂದ ವರ್ಗವಾಗಿ ಬಂದವರು ಬೋರ್ಡು ಓದಿ, ಇಷ್ಟೂ ಊರಲ್ಲಿ ಹೆಂಡ ಸಿಗುತ್ತದೆಯೇ ಎಂದು ನಗುತ್ತಾರೆ. ನಾವೂ ನಗುತ್ತೇವೆ, ಆಮೇಲೆ ಗುಡ್ಡದ ಕಡೆ ಕೈ ತೋರಿಸುತ್ತೇವೆ.

ಆ ಕಲ್ಲಿನ ಇನ್ನೊಂದು ಮುಖವೂ ಇದೆ. ರಸ್ತೆಗೆ ಜಲ್ಲಿ ಬೇಕು, ಜಲ್ಲಿಗೆ ಗುಡ್ಡ ಸಿಡಿಸಬೇಕು. 2018ರ ಆಗಸ್ಟ್ 3ರ ರಾತ್ರಿ ಹತ್ತಿಬೆಳಗಲ್ಲಿನ ಕಲ್ಲುಕ್ವಾರಿಯಲ್ಲಿ ಸ್ಫೋಟವಾಗಿ ಹತ್ತಕ್ಕೂ ಹೆಚ್ಚು ಕೂಲಿಗಳು ಸತ್ತರು. ಹೆಚ್ಚಿನವರು ಒಡಿಶಾದಿಂದ ಹೊಟ್ಟೆಪಾಡಿಗೆ ಬಂದವರು.

ನಮ್ಮವರೂ ಹಾಗೆಯೇ ಹೊರಗೆ ಹೋಗುವವರು. ಕೋಸಿಗಿ, ಕೌತಾಳ, ಹೊಳಗುಂದಿ ಕಡೆಗಳಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಗುಂಟೂರಿಗೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಸಂಸಾರ ಸಮೇತ ಹೊರಡುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಗುಳೆ ಎನ್ನುತ್ತಾರೆ. ನಮ್ಮಲ್ಲಿ ತೆಲುಗು ಮಾತಾಡುವವರೂ ಸುಗ್ಗಿಗೆ ಹೋಗುವುದು ಎಂದೇ ಹೇಳುತ್ತಾರೆ. ಸುಗ್ಗಿ ನಮ್ಮ ಕನ್ನಡದ ಮಾತು, ಮನೆಗೆ ಧಾನ್ಯ ಬರುವ ಕಾಲದ ಹೆಸರು. ಮನೆಗೆ ಬೀಗ ಹಾಕಿ ಹೋಗುವುದಕ್ಕೆ ಅದೇ ಹೆಸರು ಬಂದದ್ದು ಹೇಗೆಂದು ಯೋಚಿಸಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ವಾಹನದಲ್ಲಿ ಪಾತ್ರೆ, ಹಾಸಿಗೆಯ ಗಂಟಿನ ಮೇಲೆ ಶಾಲೆಯ ಸಮವಸ್ತ್ರದಲ್ಲೇ ಕೂತ ಮಗುವನ್ನು ನೀವೂ ಕಂಡಿರುತ್ತೀರಿ. ಹೆದ್ದಾರಿ ಅಗಲವಾದಷ್ಟೂ ಆ ಪ್ರಯಾಣ ಬೇಗ ಮುಗಿಯುತ್ತದೆ, ಅಷ್ಟೇ. ಊರಲ್ಲಿ ಕೆಲಸ ಹುಟ್ಟಿಸುವುದು ರಸ್ತೆಯೊಂದರಿಂದ ಆಗುವುದಲ್ಲ.

ಗಡಿಯನ್ನು ಮರೆತೇಬಿಟ್ಟಿದ್ದೆವು ಎನ್ನಬಹುದು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದು ಮಾರಾಟ ತೆರಿಗೆಯ ನಾಕಾಗಳೂ ಎದ್ದುಹೋಗಿದ್ದವು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ರಸ್ತೆಗೆ ಅಡ್ಡ ತಡೆ ಬಿದ್ದಾಗ ಮತ್ತೆ ನೆನಪಾಯಿತು. ನಮ್ಮ ಕಡೆ ಕಾಯಿಲೆ ಹೆಚ್ಚಾದರೆ ಬಳ್ಳಾರಿಯ ದೊಡ್ಡಾಸ್ಪತ್ರೆ, ಇಲ್ಲವೆ ರಾಯಚೂರಿನ ರಿಮ್ಸ್. ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರದು. ಅಂದಿನಿಂದ ಆದವಾನಿ, ಆಲೂರುಗಳ ರೋಗಿಗಳಿಗೆ ಅದು ಹತ್ತಿರದ ದೊಡ್ಡ ಬಾಗಿಲು. ತಡೆ ಬಿದ್ದಾಗ ಚೀಟಿ, ಅನುಮತಿ, ಆಧಾರ್ ಎಲ್ಲ ತೋರಿಸಬೇಕಾಯಿತು. ಅವ್ವ ಆಚೆ, ಮಗಳು ಈಚೆ.

ಈಗಲೂ ಬಸ್ಸಿನ ಟಿಕೀಟಿನಲ್ಲಿ ಗಡಿ ಕಾಣುತ್ತದೆ. ಕರ್ನಾಟಕದಲ್ಲಿ 2023ರ ಜೂನ್‌ನಿಂದ, ಆಂಧ್ರದಲ್ಲಿ 2025ರ ಆಗಸ್ಟ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದಿದೆ. ಒಳ್ಳೆಯ ಕೆಲಸವೇ. ಆದರೆ ಅದು ಆಯಾ ರಾಜ್ಯದವರಿಗೆ, ಆಯಾ ರಾಜ್ಯದೊಳಗೆ. ಆಂಧ್ರದ ಆಧಾರ್ ಇರುವ ಆಲೂರಿನ ಅವ್ವ ಆದವಾನಿಗೆ ಬಿಟ್ಟಿಯಾಗಿ ಹೋಗುತ್ತಾಳೆ. ಬಳ್ಳಾರಿಯ ಮಗಳ ಮನೆಗೆ ಹೊರಟರೆ ಕಂಡಕ್ಟರು ಕೈ ಚಾಚುತ್ತಾನೆ. ಎರಡು ಸರಕಾರಗಳು ಒಂದು ಸಲ ಕೂತು ಗಡಿ ತಾಲೂಕುಗಳಿಗಾದರೂ ಇದನ್ನು ಸರಿಪಡಿಸಬಹುದು, ದೊಡ್ಡ ಖರ್ಚಿನ ಬಾಬತ್ತಲ್ಲ.

ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಓದಿಸುತ್ತಿರುವ ತಾಯಿತಂದೆಗಳಿಗೆ ಇನ್ನೊಂದು ಮಾತು. ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗೆಂದು ಒಂದು ಕಲಮು ಇದೆ. ಅದರ ಪಟ್ಟಿಯಲ್ಲಿ ಆದವಾನಿ, ಆಲೂರು, ರಾಯದುರ್ಗದ ಹೆಸರುಗಳಿವೆ. ಬೇಕಾದ ಪ್ರಮಾಣಪತ್ರಗಳನ್ನು ಶಾಲೆಯಿಂದ ಮೊದಲೇ ಬರೆಸಿ ಇಟ್ಟುಕೊಳ್ಳಿ. ನಿಯಮ ವರ್ಷ ವರ್ಷಕ್ಕೆ ಬದಲಾಗುವುದುಂಟು, ಆ ವರ್ಷದ ಪುಸ್ತಿಕೆಯನ್ನೇ ನೋಡಿ. ಕೊನೆಯ ದಿನ ಬಳ್ಳಾರಿ ಬಸ್ಸು ಹತ್ತಿ ಹೋಗಿ, ಒಂದು ಸಹಿ ಇಲ್ಲವೆಂದು ಅದೇ ಬಸ್ಸಿಗೆ ಮರಳಿ ಬರುವುದು ಬೇಡ.

ನಿಮ್ಮ ಊರಿನ ಹಳೆಯ ಬಂಡಿದಾರಿ ಯಾವ ಹಳ್ಳವನ್ನು ಎಲ್ಲಿ ದಾಟುತ್ತಿತ್ತು ಎಂದು ಹಿರಿಯರಿಂದ ಕೇಳಿ ಬರೆದು ಕಳಿಸಿದರೆ, ಇನ್ನೊಂದು ದಿನ ಅದನ್ನೇ ಹಿಡಿದು ಮಾತಾಡೋಣ.